ಗೋಡೆಯಷ್ಟು ಕಾಲ ನಕ್ಷೆಯೂ ಉಳಿಯಬೇಕಾದರೆ

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275 ಹಲವು ಕಡೆ ಕುಸಿದದ್ದು ಈ ಜಿಲ್ಲೆಯವರಿಗೆಲ್ಲ ನೆನಪಿದೆ. ಇಂಥ ರಸ್ತೆಯನ್ನು ಮತ್ತೆ ಕಟ್ಟಲು ಹೊರಟ ಎಂಜಿನಿಯರಿಗೆ ಮೊದಲು ಬೇಕಾಗುವುದು ಕಣ್ಣಿಗೆ ಕಾಣದ ಸಂಗತಿಗಳ ವಿವರ. ಉಳಿದಿರುವ ತಡೆಗೋಡೆಯ ಪಾಯ ಎಷ್ಟು ಆಳಕ್ಕಿದೆ, ಅದು ಗಟ್ಟಿ ಬಂಡೆಯ ಮೇಲೆ ಕೂತಿದೆಯೋ ತುಂಬಿಸಿದ ಮಣ್ಣಿನ ಮೇಲೋ, ಗೋಡೆಯ ಬೆನ್ನಿಗೆ ಸೇರುವ ಮಳೆನೀರನ್ನು ಹೊರಹಾಕಲು ಇಟ್ಟ ಚರಂಡಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು ಗೋಡೆಯ ಮುಂದೆ ನಿಂತು ಯಾರೂ ಹೇಳಲಾರರು. ಅಗೆದು ನೋಡಬೇಕು, ಇಲ್ಲವೇ ನಕ್ಷೆ ನೋಡಬೇಕು. ಜರಿಯುತ್ತಿರುವ ಗುಡ್ಡದ ಬುಡದಲ್ಲಿ ಅಗೆದು ನೋಡುವುದು ಎಂಥ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ.

ಕಚೇರಿಯ ಉಳಿದ ಕಾಗದಪತ್ರಗಳಿಗೂ ಎಂಜಿನಿಯರಿಂಗ್ ದಾಖಲೆಗೂ ಇರುವ ವ್ಯತ್ಯಾಸ ಇದೇ. ಪತ್ರಕ್ಕೆ ಉತ್ತರ ಬಂದ ಮೇಲೆ, ಬಿಲ್ಲು ಪಾವತಿಯಾಗಿ ಆಡಿಟ್ ಮುಗಿದ ಮೇಲೆ ಅವುಗಳ ಕೆಲಸ ಬಹುಮಟ್ಟಿಗೆ ಮುಗಿಯಿತು. ನಕ್ಷೆಯ ನಿಜವಾದ ಕೆಲಸ ಕಟ್ಟಡ ಬಿರುಕು ಬಿಟ್ಟಾಗ, ಅದನ್ನು ಎತ್ತರಿಸಬೇಕಾದಾಗ ಅಥವಾ ಕೆಡವಬೇಕಾದಾಗ ಶುರುವಾಗುತ್ತದೆ. ಅಷ್ಟರಲ್ಲಿ ಅದನ್ನು ಬರೆದವರು ನಿವೃತ್ತರಾಗಿ ದಶಕಗಳೇ ಕಳೆದಿರುತ್ತವೆ. ಕುಶಾಲನಗರದ ಬಳಿಯ ಹಾರಂಗಿ ಅಣೆಕಟ್ಟು ಪೂರ್ಣಗೊಂಡದ್ದು 1982ರಲ್ಲಿ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶದ ಮೊದಲ ಆವೃತ್ತಿ ಹೊರಬಂದದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಅಂದರೆ ಆ ಪೀಳಿಗೆಯ ಅಣೆಕಟ್ಟುಗಳು ಟ್ರೇಸಿಂಗ್ ಹಾಳೆಯ ಮೇಲೆ ಕೈಯಿಂದ ಎಳೆದ ಗೆರೆಗಳಿಂದ ಹುಟ್ಟಿದವು. ಅವು ಇನ್ನೂ ಬಹುಕಾಲ ನೀರು ಹಿಡಿದು ನಿಲ್ಲಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳ ಮಾಲೀಕರಿಂದ ನಿಯಮಿತ ತಪಾಸಣೆ, ಸುರಕ್ಷತೆಯ ಸಮಗ್ರ ಮೌಲ್ಯಮಾಪನ, ತುರ್ತು ಕ್ರಿಯಾ ಯೋಜನೆ ಇವೆಲ್ಲವನ್ನೂ ಕೇಳುತ್ತದೆ. ಮೂಲ ವಿನ್ಯಾಸದ ಲೆಕ್ಕಗಳೂ ನಕ್ಷೆಗಳೂ ಇಲ್ಲದೆ ಇವುಗಳಲ್ಲಿ ಒಂದನ್ನೂ ನೆಟ್ಟಗೆ ಬರೆಯಲು ಆಗದು.

ಹಾಗಾದರೆ ಇಂಥ ದಾಖಲೆಯನ್ನು ಐವತ್ತು, ನೂರು ವರ್ಷ ಉಳಿಸುವುದು ಕಾಗದದಲ್ಲೋ, ಕಂಪ್ಯೂಟರಿನಲ್ಲೋ? ಪ್ರಶ್ನೆಯನ್ನು ಹೀಗೆ ಕೇಳುವುದರಲ್ಲೇ ತೊಡಕಿದೆ. ಎರಡೂ ಹಾಳಾಗುತ್ತವೆ, ಆದರೆ ಬೇರೆ ಬೇರೆ ಕಾರಣಕ್ಕೆ. ಒಳ್ಳೆಯ ಕಾಗದವನ್ನು ಒಣ ಕೊಠಡಿಯಲ್ಲಿಟ್ಟು ಮೂವತ್ತು ವರ್ಷ ಮರೆತರೂ ಅದು ಓದಲು ಸಿಗುತ್ತದೆ. ತೇವವನ್ನು ಮಾತ್ರ ಅದು ಸಹಿಸದು. ಎಲೆಕ್ಟ್ರಾನಿಕ್ ಕಡತಕ್ಕೆ ತೇವದ ಗೊಡವೆ ಅಷ್ಟಿಲ್ಲ, ಆದರೆ ಮೂವತ್ತು ವರ್ಷ ಮರೆತರೆ ಅದು ಇದ್ದೂ ಇಲ್ಲದಂತೆ. ಯಾವುದನ್ನು ಆರಿಸಿದರೂ ಅದಕ್ಕೆ ತಕ್ಕ ಆರೈಕೆಯನ್ನೂ ಜೊತೆಗೇ ಆರಿಸಿದಂತೆ ಎಂಬುದು ತಿಳಿದರೆ ಉಳಿದ ವಿಷಯ ಸುಲಭವಾಗುತ್ತದೆ.

ಕಾಗದದಿಂದಲೇ ಶುರುಮಾಡೋಣ, ಏಕೆಂದರೆ ಹಳೆಯ ರೆಕಾರ್ಡ್ ರೂಮುಗಳಲ್ಲಿ ಇರುವುದು ಅದೇ. ‘ಕಾಗದ’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ನಾಲ್ಕೈದು ಬಗೆಯ ವಸ್ತುಗಳಿವೆ. ಕಡುನೀಲಿ ಹಿನ್ನೆಲೆಯಲ್ಲಿ ಬಿಳಿ ಗೆರೆಗಳಿರುವ ನಿಜವಾದ ಬ್ಲೂಪ್ರಿಂಟ್, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನದಿಂದ ಬಂದದ್ದು. ಅದರ ನೀಲಿ ಬಣ್ಣ ಕಬ್ಬಿಣದ ಒಂದು ಸಂಯುಕ್ತ. ಕ್ಷಾರ ತಗುಲಿದರೆ ಬಣ್ಣ ಮಾಸುತ್ತದೆ. ಸಾಮಾನ್ಯ ಕಾಗದದ ಆಮ್ಲವನ್ನು ತಣಿಸಲೆಂದು ದಾಖಲೆ ಪೆಟ್ಟಿಗೆಗಳಿಗೂ ಲಕೋಟೆಗಳಿಗೂ ಸುಣ್ಣದಂಶ ಬೆರೆಸಿರುತ್ತಾರಲ್ಲ, ಅದೇ ಪೆಟ್ಟಿಗೆ ಬ್ಲೂಪ್ರಿಂಟಿಗೆ ಹಾನಿಕರ. ಅದಕ್ಕೆ ಆಮ್ಲವೂ ಇಲ್ಲದ, ಕ್ಷಾರವೂ ಬೆರೆಸದ ತಟಸ್ಥ ಹೊದಿಕೆ ಬೇಕು. ನಂತರ ಬಂದ ಅಮೋನಿಯಾ ಪ್ರಿಂಟುಗಳಲ್ಲಿ ತಿಳಿ ಹಿನ್ನೆಲೆಯ ಮೇಲೆ ನೀಲಿಯೋ ಕಂದೋ ಗೆರೆಗಳಿರುತ್ತವೆ. ಇವು ಬೆಳಕಿಗೆ ಮಾಸುವುದಷ್ಟೇ ಅಲ್ಲ, ತಮ್ಮೊಳಗಿನ ರಾಸಾಯನಿಕಗಳ ಆವಿಯಿಂದ ಪಕ್ಕದಲ್ಲಿರುವ ಹಾಳೆಗಳನ್ನೂ ಕೆಡಿಸುತ್ತವೆ. ಒಂದೇ ಕಟ್ಟಿನಲ್ಲಿ ಬ್ಲೂಪ್ರಿಂಟನ್ನೂ ಅಮೋನಿಯಾ ಪ್ರಿಂಟನ್ನೂ ಸುತ್ತಿ ಹಗ್ಗ ಬಿಗಿಯುವ ನಮ್ಮ ಕಚೇರಿಗಳ ಅಭ್ಯಾಸ ಎರಡಕ್ಕೂ ಕೆಟ್ಟದ್ದು.

ಟ್ರೇಸಿಂಗ್ ಕಾಗದ ವಯಸ್ಸಾದಂತೆ ಹಪ್ಪಳದಂತಾಗಿ ಮಡಿಕೆಯಲ್ಲೇ ಮುರಿಯುತ್ತದೆ. ಹಿಂದೆ ಬಳಸುತ್ತಿದ್ದ ಟ್ರೇಸಿಂಗ್ ಬಟ್ಟೆ ತುಂಬ ಗಟ್ಟಿ, ಆದರೆ ಅದರ ಮೇಲಿನ ನುಣುಪು ಗಂಜಿಯ ಲೇಪ. ಒಂದು ಹನಿ ನೀರು ಬಿದ್ದರೆ ಅಲ್ಲಿನ ಲೇಪ ಕರಗಿ ಗೆರೆಯೂ ಹೋಗುತ್ತದೆ. ಪಾಲಿಯೆಸ್ಟರ್ ಹಾಳೆಯ ಮೇಲೆ ಬರೆದ ನಕ್ಷೆಗಳು ಇವೆಲ್ಲಕ್ಕಿಂತ ಸುರಕ್ಷಿತ. ಇಂದು ಹೊಸದಾಗಿ ಮುದ್ರಿಸಿ ಇಡುವುದಾದರೆ ಐಎಸ್ಒ 9706 ಮಾನಕಕ್ಕೆ ಒಪ್ಪುವ ಆಮ್ಲರಹಿತ ಕಾಗದದ ಮೇಲೆ ಲೇಸರ್ ಮುದ್ರಣ ಒಳ್ಳೆಯದು. ದೊಡ್ಡ ನಕ್ಷೆ ಮುದ್ರಿಸುವ ಇಂಕ್‌ಜೆಟ್ ಪ್ಲಾಟರಿನಲ್ಲಿ ತೆಗೆಯುವುದಾದರೆ ನೀರಿಗೆ ಕದಡುವ ಡೈ ಶಾಯಿ ಬೇಡ, ಪಿಗ್ಮೆಂಟ್ ಶಾಯಿಯೇ ಬೇಕು. ಲೇಸರ್ ಮುದ್ರಣವನ್ನು ಅಗ್ಗದ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬಾರದು, ಟೋನರ್ ಪುಡಿ ಕವರಿಗೆ ಅಂಟಿ ಕಿತ್ತುಬರುತ್ತದೆ. ಇನ್ನು ಲ್ಯಾಮಿನೇಷನ್: ಅಮೂಲ್ಯವಾದುದನ್ನೆಲ್ಲ ಲ್ಯಾಮಿನೇಟ್ ಮಾಡಿಸುವ ಹುಮ್ಮಸ್ಸು ನಮ್ಮಲ್ಲಿ ವಿಪರೀತ. ಬಿಸಿಯಲ್ಲಿ ಅಂಟಿಸಿದ ಆ ಪ್ಲಾಸ್ಟಿಕ್ಕನ್ನು ಮುಂದೆ ಬಿಡಿಸಲಾಗದು, ಒಳಗಿನ ಆಮ್ಲವೂ ಅಲ್ಲೇ ಉಳಿದು ಕಾಗದವನ್ನು ತಿನ್ನುತ್ತದೆ. ಹಾಳೆಯನ್ನು ಅಂಟಿಸದೆ ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು ಅಂಚನ್ನು ಮಾತ್ರ ಮುಚ್ಚುವುದು ಸರಿಯಾದ ಕ್ರಮ.

ಇಷ್ಟೆಲ್ಲ ಮಾಡಿದರೂ ಕೊಡಗಿನಲ್ಲಿ ಕಾಗದದ ಹಣೆಬರಹವನ್ನು ನಿರ್ಧರಿಸುವುದು ಗಾಳಿಯ ತೇವವೇ. ಸಾಪೇಕ್ಷ ಆರ್ದ್ರತೆ ಶೇಕಡ 65 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಕಾಗದಕ್ಕೆ ಹಿತವಾದದ್ದು ಸುಮಾರು 30ರಿಂದ 50ರ ನಡುವೆ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಮಡಿಕೇರಿಯಲ್ಲೋ ಭಾಗಮಂಡಲದಲ್ಲೋ ವಾರಗಟ್ಟಲೆ ಬಿಸಿಲು ಕಾಣದಿರುವಾಗ ಹೊರಗಿನ ಆರ್ದ್ರತೆ 90ರ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಒಂದು ಭೌತಶಾಸ್ತ್ರದ ಸಂಗತಿಯನ್ನು ಗಮನಿಸಬೇಕು. ಗಾಳಿ ತಣ್ಣಗಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಕಡಿಮೆಯಾಗುತ್ತದೆ. ಆದ್ದರಿಂದ ಅದೇ ಪ್ರಮಾಣದ ಆವಿಯಿದ್ದರೂ ತಣ್ಣನೆಯ ಮೂಲೆಯಲ್ಲಿ ಸಾಪೇಕ್ಷ ಆರ್ದ್ರತೆ ಹೆಚ್ಚು. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಕಬ್ಬಿಣದ ಬೀರುವಿನ ಬೆನ್ನು ಕೊಠಡಿಯಲ್ಲೇ ಅತಿ ತಣ್ಣನೆಯ ಜಾಗ. ಬಾಗಿಲ ಬಳಿಯ ಮಾಪಕ 60 ತೋರಿಸುತ್ತಿರುವಾಗಲೂ ಅಲ್ಲಿ ನೀರು ಹನಿಗಟ್ಟುತ್ತಿರಬಹುದು. ಬೀರುವನ್ನು ಒಳಗೋಡೆಯ ಕಡೆಗೆ ಸರಿಸುವುದು, ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸುವುದು, ನೆಲದಿಂದ ಎತ್ತರಿಸಿ ಇಡುವುದು ಇವುಗಳಿಗೆ ಕಾಸು ಖರ್ಚಿಲ್ಲ. ಗೆದ್ದಲಿನ ದಾರಿಯೂ ಕಣ್ಣಿಗೆ ಬೀಳುತ್ತದೆ.

ತೇವ ಹೀರುವ ಯಂತ್ರ ಕೊಳ್ಳುವುದಾದರೆ ಅದರಲ್ಲೂ ಎರಡು ಬಗೆ. ಫ್ರಿಜ್ಜಿನಂತೆ ಕಂಪ್ರೆಸರ್ ಇರುವುದು ಬೆಚ್ಚಗಿನ ಕರಾವಳಿಗೆ ಸರಿ. ಚಳಿ ಹೆಚ್ಚಾದಂತೆ ಅದರ ಶಕ್ತಿ ಕುಗ್ಗುತ್ತದೆ. ತೇವ ಹೀರುವ ರಾಸಾಯನಿಕದ ಚಕ್ರವಿರುವ ಬಗೆ ತಣ್ಣನೆಯ ಊರಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಮಾಮೂಲಾದ್ದರಿಂದ, ಯಂತ್ರವನ್ನೇ ನಂಬದೆ ಅತಿ ಮುಖ್ಯವಾದ ಕೆಲವು ನಕ್ಷೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ಜಾಣತನ. ತೆರೆದ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೆಮ್ಮದಿಯಿಂದಿರುವುದರಲ್ಲಿ ಮಾತ್ರ ಅರ್ಥವಿಲ್ಲ. ದಾಖಲೆ ಪೂರ್ತಿ ನೆನೆದೇ ಹೋದರೆ ಕೈಯಲ್ಲಿರುವುದು ಸುಮಾರು ಎರಡು ದಿನ, ಅಷ್ಟರೊಳಗೆ ಬೂಷ್ಟು ಹಿಡಿಯುತ್ತದೆ. ಒಲೆಯ ಶಾಖವೂ ನೇರ ಬಿಸಿಲೂ ಬೇಡ. ಹಾಳೆಗಳ ನಡುವೆ ಹೀರುಕಾಗದ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಬೇಕು. ರಾಶಿ ದೊಡ್ಡದಾಗಿದ್ದರೆ ಹೆಪ್ಪುಗಟ್ಟಿಸಿ ಇಡುವುದರಿಂದ ಬೂಷ್ಟು ತಡೆದು, ಮುಂದೆ ನಿಧಾನವಾಗಿ ಒಣಗಿಸಲು ಸಮಯ ಸಿಗುತ್ತದೆ.

ಇಷ್ಟು ತಾಪತ್ರಯವಿರುವಾಗ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಾಗದವನ್ನು ಬಿಸಾಡಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಹಾಗೆ ಮಾಡುವ ಮೊದಲು 2013ರ ಒಂದು ಪ್ರಸಂಗವನ್ನು ತಿಳಿದಿರಬೇಕು. ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ, 21.11 ಚದರ ಮೀಟರ್ ಎಂದು ಬರೆದಿದ್ದ ಕೋಣೆಯ ವಿಸ್ತೀರ್ಣ ಪ್ರತಿಯಲ್ಲಿ 14.13 ಎಂದು ಬಂದಿತ್ತು. ಕಡತವನ್ನು ಕಿರಿದಾಗಿಸಲು ಬಳಸುವ ಜೆಬಿಗ್2 ಎಂಬ ಸಂಕುಚನ ವಿಧಾನ, ಒಂದರಂತೆ ಒಂದು ಕಾಣುವ ಚಿಕ್ಕ ಚಿತ್ರತುಣುಕುಗಳನ್ನು ಒಂದೇ ಎಂದು ಬಗೆದು ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿತ್ತು. ಅಂಕಿ ಮಸುಕಾಗಿದ್ದರೆ ಅನುಮಾನವಾದರೂ ಬರುತ್ತಿತ್ತು. ಇಲ್ಲಿ ಅಂಕಿ ಸ್ಪಷ್ಟವಾಗಿತ್ತು, ಆದರೆ ತಪ್ಪಾಗಿತ್ತು. ಕಬ್ಬಿಣದ ಸರಳಿನ ಗಾತ್ರ 16 ಮಿಲಿಮೀಟರ್ ಇದ್ದದ್ದು 10 ಆದರೆ ಏನಾಗಬಹುದೆಂದು ಎಂಜಿನಿಯರುಗಳೇ ಊಹಿಸಲಿ. ಆದ್ದರಿಂದ ಶಾಶ್ವತ ಸಂಗ್ರಹದ ಸ್ಕ್ಯಾನಿಗೆ ಮಾಹಿತಿ ಕಳೆಯುವ ಸಂಕುಚನ ಸಲ್ಲದು. ಮಾಹಿತಿ ಕಳೆಯದೆ ಇಡಬಲ್ಲ ಟಿಫ್ ಎಂಬ ಚಿತ್ರಕಡತದ ಮಾದರಿಯಲ್ಲಿ ಉಳಿಸಬೇಕು.

ಕಪ್ಪು-ಬಿಳುಪಿನಲ್ಲಿ ಮಾತ್ರ ಸ್ಕ್ಯಾನ್ ಮಾಡುವುದೂ ಅಪಾಯ. ಸೈಟಿನಲ್ಲಿ ಯಾರೋ ಪೆನ್ಸಿಲಿನಲ್ಲಿ ತಿದ್ದಿ ಬರೆದ ‘ಇಲ್ಲಿ ಬಂಡೆ ಸಿಕ್ಕಿತು, ಪಾಯ ಮೇಲೆತ್ತಿದೆ’ ಎಂಬಂಥ ಟಿಪ್ಪಣಿ ನಕ್ಷೆಯ ಅತಿ ಬೆಲೆಬಾಳುವ ಭಾಗ. ಕಪ್ಪು-ಬಿಳುಪಿನಲ್ಲಿ ಮೊದಲು ಮಾಯವಾಗುವುದೇ ಅದು. ಎ0 ಅಳತೆಯ, ಅಂದರೆ 841ಕ್ಕೆ 1189 ಮಿಲಿಮೀಟರಿನ ಒಂದು ಹಾಳೆಯನ್ನು ಇಂಚಿಗೆ 300 ಚುಕ್ಕಿಯಂತೆ ಬೂದು ಛಾಯೆಗಳಲ್ಲಿ ಸ್ಕ್ಯಾನ್ ಮಾಡಿದರೆ ಸಂಕುಚಿಸದ ಕಡತ ಸುಮಾರು 140 ಮೆಗಾಬೈಟ್ ಆಗುತ್ತದೆ. ಸಾವಿರ ನಕ್ಷೆಗಳಿಗೆ 140 ಗಿಗಾಬೈಟ್. ಇಂದಿನ ದಿನದಲ್ಲಿ ಅದು ಒಂದು ಸಣ್ಣ ಹಾರ್ಡ್ ಡಿಸ್ಕಿನ ಮೂಲೆ. ಜಾಗ ಉಳಿಸಲು ಅಂಕಿಗಳನ್ನು ಪಣಕ್ಕಿಡುವ ಅಗತ್ಯ ಈಗ ಉಳಿದಿಲ್ಲ.

ಹುಟ್ಟುವಾಗಲೇ ಎಲೆಕ್ಟ್ರಾನಿಕ್ ಆಗಿರುವ ದಾಖಲೆಗಳ ಕಥೆ ಇನ್ನೂ ಸೂಕ್ಷ್ಮ. ಅವು ಮೂರು ಕಡೆಯಿಂದ ಕೈತಪ್ಪಬಹುದು. ಮೊದಲನೆಯದು ಮಾಧ್ಯಮ: ಸಿಡಿಯ ಬಣ್ಣದ ಪದರ ಮಾಸುತ್ತದೆ, ಬಳಸದೆ ಇಟ್ಟ ಪೆನ್‌ಡ್ರೈವಿನ ವಿದ್ಯುದಂಶ ನಿಧಾನವಾಗಿ ಸೋರುತ್ತದೆ, ಹಾರ್ಡ್ ಡಿಸ್ಕ್ ಯಾವತ್ತಾದರೂ ನಿಲ್ಲುತ್ತದೆ. ದೊಡ್ಡ ಸಂಗ್ರಹಗಳಿಗೆ ಬಳಸುವ ಎಲ್‌ಟಿಒ ಎಂಬ ಕಾಂತೀಯ ಟೇಪು ಮೂವತ್ತು ವರ್ಷ ಬಾಳುತ್ತದೆಂದು ತಯಾರಕರು ಹೇಳುತ್ತಾರೆ, ಆದರೆ ಅದನ್ನು ಓದುವ ಯಂತ್ರ ಅಷ್ಟು ಕಾಲ ಸಿಗಬೇಕಲ್ಲ! ಎಂಟನೆಯ ತಲೆಮಾರಿನ ಎಲ್‌ಟಿಒ ಯಂತ್ರ ತನ್ನ ಹಿಂದಿನ ಒಂದೇ ತಲೆಮಾರಿನ ಟೇಪನ್ನು ಓದಬಲ್ಲುದು. ಬಿಬಿಸಿ 1986ರಲ್ಲಿ ಇಡೀ ಬ್ರಿಟನ್ನಿನ ಜನಜೀವನವನ್ನು ಲೇಸರ್ ಡಿಸ್ಕುಗಳಲ್ಲಿ ದಾಖಲಿಸಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಸಲಕರಣೆ ಅಪರೂಪವಾಗಿ, ಉಳಿಸಿಕೊಳ್ಳಲು ಪ್ರತ್ಯೇಕ ಯೋಜನೆಯೇ ಬೇಕಾಯಿತು. ಅದೇ ದೇಶದಲ್ಲಿ 1086ರ ಕಾಲದ ಚರ್ಮದ ಹಾಳೆಯ ಡೂಮ್ಸ್‌ಡೇ ದಾಖಲೆಯನ್ನು ಇಂದಿಗೂ ಓದಬಹುದು.

ಎರಡನೆಯದು ಕಡತದ ಮಾದರಿ. ಆಟೋಕ್ಯಾಡ್ ನಕ್ಷೆ ಉಳಿಸುವ ಡಿಡಬ್ಲ್ಯುಜಿ ಮಾದರಿ ಒಂದು ಕಂಪನಿಯ ಸ್ವತ್ತು. ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತ ಬಂದಿದೆ. ಮೇಲಾಗಿ ಒಂದು ಡಿಡಬ್ಲ್ಯುಜಿ ಕಡತ ಸಾಮಾನ್ಯವಾಗಿ ಒಂಟಿಯಾಗಿರುವುದಿಲ್ಲ. ರಸ್ತೆಯ ಮೂಲನಕ್ಷೆ ಬೇರೆ ಕಡತದಿಂದ ಎಕ್ಸ್‌ರೆಫ್ ಆಗಿ ಬಂದಿರುತ್ತದೆ, ಅಕ್ಷರಗಳ ಫಾಂಟ್ ಬೇರೆ ಕಡೆಯಿರುತ್ತದೆ, ಗೆರೆಗಳ ದಪ್ಪವನ್ನು ನಿರ್ಧರಿಸುವ ಪಟ್ಟಿ ಇನ್ನೆಲ್ಲೋ ಇರುತ್ತದೆ. ಕಂತ್ರಾಟುದಾರರು ಕೊನೆಗೆ ಒಂದೇ ಕಡತವನ್ನು ಕಳಿಸಿ ಕೈತೊಳೆದುಕೊಂಡರೆ, ಹತ್ತು ವರ್ಷದ ಮೇಲೆ ತೆರೆದವರಿಗೆ ಅರ್ಧ ಖಾಲಿ ಪರದೆ ಕಾಣುತ್ತದೆ. ಸ್ವೀಕರಿಸುವಾಗಲೇ ಎಕ್ಸ್‌ರೆಫ್‌ಗಳನ್ನು ಒಳಸೇರಿಸಿದ ಪ್ರತಿಯನ್ನೂ, ಜೊತೆಗೆ ಫಾಂಟ್ ಮತ್ತು ಗೆರೆಪಟ್ಟಿಯ ಕಡತಗಳನ್ನೂ ಕೇಳಬೇಕು. ಎಕ್ಸ್‌ರೆಫ್ ಒಳಸೇರಿಸುವುದನ್ನು ಆ ತಂತ್ರಾಂಶದಲ್ಲಿ ‘ಬೈಂಡ್’ ಮಾಡುವುದು ಎನ್ನುತ್ತಾರೆ.

ಇದಕ್ಕೆ ಪರಿಹಾರವಾಗಿ ಜಗತ್ತಿನಲ್ಲಿ ನೆಲೆಯೂರಿದ ಕ್ರಮವೆಂದರೆ ಒಂದೇ ನಕ್ಷೆಯನ್ನು ಎರಡು ಮೂರು ರೂಪಗಳಲ್ಲಿ ಜೊತೆಯಾಗಿ ಇಡುವುದು. ಮೂಲ ಕಡತ ಇರಲಿ. ಅದರೊಡನೆ ಯಾವ ಕಂಪನಿಗೂ ಸೇರದ ಮುಕ್ತ ರೂಪವೊಂದಿರಲಿ. ಯಂತ್ರಭಾಗಗಳ ಮೂರು ಆಯಾಮದ ಮಾದರಿಗೆ ಐಎಸ್ಒ 10303, ಅಂದರೆ ‘ಸ್ಟೆಪ್’. ಕಟ್ಟಡಗಳಿಗೆ ಐಎಸ್ಒ 16739ರ ‘ಐಎಫ್‌ಸಿ’. ವಿಮಾನ ತಯಾರಕರು ತಮ್ಮ ವಿನ್ಯಾಸಗಳನ್ನು ದಶಕಗಳ ಕಾಲ ಉಳಿಸಬೇಕಾಗಿರುವುದರಿಂದ ‘ಲೋಟಾರ್’ ಎಂಬ ಒಕ್ಕೂಟ ಕಟ್ಟಿಕೊಂಡು ಸ್ಟೆಪ್ ಆಧಾರದ ಮೇಲೆಯೇ ಮಾನಕಗಳನ್ನು ರೂಪಿಸಿಕೊಂಡಿದ್ದಾರೆ. ಇವೆರಡರ ಜೊತೆಗೆ ಕಣ್ಣಿನಿಂದ ಓದಲು ಪಿಡಿಎಫ್/ಎ ಪ್ರತಿ. 2005ರಲ್ಲಿ ಐಎಸ್ಒ 19005 ಆಗಿ ಬಂದ ಈ ಮಾದರಿ ಸಾಮಾನ್ಯ ಪಿಡಿಎಫ್‌ಗಿಂತ ಬೇರೆ: ಫಾಂಟುಗಳೆಲ್ಲ ಒಳಗೇ ಇರಬೇಕು, ಹೊರಗಿನ ಯಾವುದನ್ನೂ ಅವಲಂಬಿಸಬಾರದು, ಪಾಸ್‌ವರ್ಡ್ ಇರಬಾರದು. 2020ರ ನಾಲ್ಕನೆಯ ಭಾಗದಲ್ಲಿ ಮೂರು ಆಯಾಮದ ಎಂಜಿನಿಯರಿಂಗ್ ನಕ್ಷೆಗಳಿಗೆಂದೇ ಪಿಡಿಎಫ್/ಎ-4ಇ ಎಂಬ ಬಗೆಯೂ ಸೇರಿದೆ. ವಿನ್ಯಾಸದ ಲೆಕ್ಕದ ಎಕ್ಸೆಲ್ ಹಾಳೆಯನ್ನು ಪಿಡಿಎಫ್ ಮಾಡಿ ಮೂಲವನ್ನು ಅಳಿಸಿದರೆ ಸೂತ್ರಗಳೆಲ್ಲ ಹೋಗಿ ಬರೀ ಉತ್ತರ ಉಳಿಯುತ್ತದೆ. ಅಲ್ಲಿ ಎರಡೂ ಬೇಕು.

ಕನ್ನಡದ ಓದುಗರಾದ ನಮಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಅಂದಾಜು ಪಟ್ಟಿಗಳು, ತಾಂತ್ರಿಕ ವರದಿಗಳು, ನಕ್ಷೆಯ ಶೀರ್ಷಿಕೆಗಳು ಲೆಕ್ಕವಿಲ್ಲದಷ್ಟಿವೆ. ಆ ಫಾಂಟುಗಳು ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯವಲ್ಲ. ಕಡತದೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಅದನ್ನು ಪಿಡಿಎಫ್ ಮಾಡಿದರೆ ಕಣ್ಣಿಗೆ ಕನ್ನಡ ಕಾಣುವುದೇನೋ ನಿಜ, ಆದರೆ ‘ತಡೆಗೋಡೆ’ ಎಂದು ಹುಡುಕಿದರೆ ಒಂದೂ ಸಿಗದು. ಇಂಥ ಪಠ್ಯವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒಬ್ಬರು ಕೂತು ಓದಿ ತಿದ್ದಿ, ಬಳಿಕ ಪಿಡಿಎಫ್/ಎ-2ಯು ಬಗೆಯಲ್ಲಿ ಉಳಿಸಬೇಕು. ಆ ‘ಯು’ ಎಂಬ ಗುರುತು ಕಡತದ ಪ್ರತಿ ಅಕ್ಷರಕ್ಕೂ ಯೂನಿಕೋಡ್ ಸಂಕೇತ ಇದೆಯೆಂಬ ಖಾತರಿ. ನುಡಿ ಫಾಂಟ್ ಬಲ್ಲವರು ಇನ್ನೂ ಕಚೇರಿಗಳಲ್ಲಿ ಇರುವಾಗಲೇ ಈ ಕೆಲಸ ಆಗಬೇಕು.

ಕೈತಪ್ಪುವ ಮೂರನೆಯ ದಾರಿ ಅರ್ಥ. ಕಡತ ತೆರೆದುಕೊಂಡಿತು, ನಕ್ಷೆ ಸ್ಪಷ್ಟವಾಗಿದೆ. ಆದರೆ ಅದರ ಮಟ್ಟದ ಅಂಕಿಗಳು ಅಡಿಯಲ್ಲಿವೆಯೋ ಮೀಟರಿನಲ್ಲೋ, ಸಮುದ್ರ ಮಟ್ಟದಿಂದ ಅಳೆದದ್ದೋ ಅಥವಾ ಸೈಟಿನ ಯಾವುದೋ ಕಲ್ಲನ್ನು 100 ಎಂದು ಹಿಡಿದು ಅಳೆದದ್ದೋ? ಭಾರತ ಮೆಟ್ರಿಕ್ ಪದ್ಧತಿಗೆ ಹೊರಳಿದ್ದು 1956ರ ಕಾಯ್ದೆಯ ನಂತರ, ಹಂತ ಹಂತವಾಗಿ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ 1956ರ ನವೆಂಬರ್ 1ರಂದು. ಹಾಗಾಗಿ ಅದಕ್ಕೂ ಹಿಂದಿನ ನಕ್ಷೆಗಳಲ್ಲಿ ಅಡಿ-ಅಂಗುಲದ ಲೆಕ್ಕ ಮಾತ್ರವಲ್ಲ, ಮರ್ಕೇರಾ, ಫ್ರೇಸರ್‌ಪೇಟೆ ಎಂಬ ಊರ ಹೆಸರುಗಳೂ ಇರುತ್ತವೆ. ಸೂಚಿಯಲ್ಲಿ ಮಡಿಕೇರಿ, ಕುಶಾಲನಗರ ಎಂದಷ್ಟೇ ಬರೆದರೆ ಹಳೆಯ ಪತ್ರವ್ಯವಹಾರದಿಂದ ನಕ್ಷೆಗೆ ದಾರಿ ಸಿಗದು. ಎರಡೂ ಹೆಸರುಗಳನ್ನು ಬರೆಯಬೇಕು. ಇಂದಿನ ಡ್ರೋನ್ ಸರ್ವೇಗಳಿಗೂ ಇದೇ ಎಚ್ಚರ ಬೇಕು: ಕೊಡಗು ಯುಟಿಎಂ ನಿರ್ದೇಶಾಂಕ ಪದ್ಧತಿಯ 43ನೇ ಉತ್ತರ ವಲಯದಲ್ಲಿದೆ ಎಂಬ ಒಂದು ಸಾಲನ್ನು ಜೊತೆಗೆ ಬರೆದಿಡದಿದ್ದರೆ ಅಂಕಿಗಳ ರಾಶಿ ನೆಲಕ್ಕೆ ಅಂಟುವುದಿಲ್ಲ. ಬಾಹ್ಯಾಕಾಶ ಸಂಸ್ಥೆಗಳು ರೂಪಿಸಿ ಮುಂದೆ ಐಎಸ್ಒ 14721 ಆದ ಓಎಐಎಸ್ ಎಂಬ ಮಾದರಿಯ ತಿರುಳು ಇಷ್ಟೇ: ದಾಖಲೆಯನ್ನೂ, ಅದನ್ನು ಅರ್ಥಮಾಡಿಕೊಳ್ಳಲು ಬೇಕಾದ ವಿವರಗಳನ್ನೂ ಒಂದೇ ಗಂಟಾಗಿ ಕಟ್ಟಿಡಬೇಕು.

ಕಾನೂನು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮು, ಎಲೆಕ್ಟ್ರಾನಿಕ್ ದಾಖಲೆ ಮುಂದೆಯೂ ತೆರೆಯುವಂತಿರಬೇಕು, ಮೂಲ ಮಾಹಿತಿಯನ್ನು ಸರಿಯಾಗಿ ತೋರಿಸುವ ಮಾದರಿಯಲ್ಲಿರಬೇಕು, ಎಲ್ಲಿಂದ ಯಾವಾಗ ಬಂದಿತೆಂಬ ವಿವರ ಇರಬೇಕು ಎನ್ನುತ್ತದೆ. ಡಿಜಿಟಲ್ ಸಹಿ ಮಾತ್ರ ಸ್ವಲ್ಪ ಯೋಚನೆಗೆ ಹಚ್ಚುವ ವಿಷಯ. ಸಹಿಯ ಪ್ರಮಾಣಪತ್ರದ ಅವಧಿ ಎರಡು ಮೂರು ವರ್ಷದಲ್ಲೇ ಮುಗಿಯುತ್ತದೆ, ಸೇತುವೆಯ ಆಯುಷ್ಯವೋ ನೂರು ವರ್ಷ. ಸಹಿ ಹಾಕಿದ ದಿನ ಪ್ರಮಾಣಪತ್ರ ಊರ್ಜಿತವಾಗಿತ್ತೆಂಬ ಸಾಕ್ಷ್ಯವನ್ನೂ ನಂಬಲರ್ಹ ಸಮಯಮುದ್ರೆಯನ್ನೂ ಕಡತದೊಳಗೇ ಸೇರಿಸಿಡಬೇಕು. ಸಹಿಯಾದ ಮೇಲೆ ಕಡತವನ್ನು ಬೇರೆ ಮಾದರಿಗೆ ಬದಲಿಸಿದರೆ ಸಹಿ ಮುರಿಯುತ್ತದೆ. ಆದ್ದರಿಂದ ಮೊದಲು ಪಿಡಿಎಫ್/ಎ ಮಾಡಿ ಬಳಿಕ ಸಹಿ.

ಎಲ್ಲವನ್ನೂ ಉಳಿಸಬೇಕೆಂದರೆ ಏನೂ ಉಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಟೆಂಡರಿನ ಪತ್ರವ್ಯವಹಾರ ನಿಯಮದ ಅವಧಿ ಮುಗಿದ ಮೇಲೆ ಹೋಗಲಿ. ಕಟ್ಟಿದಂತೆಯೇ ತೋರಿಸುವ ಆಸ್-ಬಿಲ್ಟ್ ನಕ್ಷೆ, ಮಣ್ಣು ಪರೀಕ್ಷೆಯ ವರದಿ, ವಿನ್ಯಾಸದ ಲೆಕ್ಕ, ಪಾಯ ಮತ್ತು ಚರಂಡಿಯ ವಿವರ, ಬಲವರ್ಧನೆಯ ಸರಳುಗಳ ಪಟ್ಟಿ ಇವು ಕಟ್ಟಡ ನಿಂತಿರುವಷ್ಟು ಕಾಲ ಇರಬೇಕು. ಇವುಗಳಲ್ಲಿ ಅತಿ ಮುಖ್ಯವಾದ ಹತ್ತಿಪ್ಪತ್ತು ಹಾಳೆಗಳನ್ನು ಒಳ್ಳೆಯ ಕಾಗದದ ಮೇಲೂ ಮುದ್ರಿಸಿ ಇಡುವುದು ಸೂಕ್ತ, ಏಕೆಂದರೆ ಕಾಗದಕ್ಕೆ ಕರೆಂಟೂ ತಂತ್ರಾಂಶವೂ ಬೇಡ. ಕಾಫಿ ತೋಟದ ಮಾಲೀಕರಿಗೂ ಇದು ಅನ್ವಯಿಸುತ್ತದೆ: ನೆಲದೊಳಗಿನ ಸ್ಪ್ರಿಂಕ್ಲರ್ ಪೈಪು, ವಿದ್ಯುತ್ ಕೇಬಲ್, ಕೆರೆಯ ಏರಿಯ ತೂಬು ಎಲ್ಲಿವೆಯೆಂಬುದು ಒಬ್ಬ ಹಳೆಯ ರೈಟರ (ತೋಟದ ಗುಮಾಸ್ತರ) ನೆನಪಿನಲ್ಲಷ್ಟೇ ಇರುವ ತೋಟಗಳು ಎಷ್ಟೋ ಇವೆ.

ಎಲೆಕ್ಟ್ರಾನಿಕ್ ಪ್ರತಿ ಮೂರಿರಬೇಕು, ಎರಡು ಬಗೆಯ ಮಾಧ್ಯಮದಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬುದು ಒಪ್ಪಿತ ನಿಯಮ. ಕೊಡಗಿನ ಮಟ್ಟಿಗೆ ಮಡಿಕೇರಿಯಲ್ಲೊಂದು ವಿರಾಜಪೇಟೆಯಲ್ಲೊಂದು ಇಡುವುದು ಸಾಲದು. ಒಂದೇ ಮಳೆ ಎರಡೂ ಊರನ್ನು ತಟ್ಟಬಹುದಾದ್ದರಿಂದ ಮೂರನೆಯದು ಮೈಸೂರಿನಂಥ ಬಯಲುಸೀಮೆಗೆ ಹೋಗಲಿ. ಪ್ರತಿ ಕಡತಕ್ಕೂ ಶಾ-256 ವಿಧಾನದಿಂದ ಒಂದು ಬೆರಳಚ್ಚಿನಂಥ ಸಂಖ್ಯೆ ತೆಗೆದು ಪಟ್ಟಿಯಲ್ಲಿ ಬರೆದಿಟ್ಟರೆ, ಮುಂದೆ ಯಾವಾಗ ಲೆಕ್ಕ ಹಾಕಿದರೂ ಅದೇ ಸಂಖ್ಯೆ ಬರಬೇಕು. ಬಾರದಿದ್ದರೆ ಕಡತದ ಒಂದು ಬಿಟ್ ಆದರೂ ಬದಲಾಗಿದೆ ಎಂದರ್ಥ, ಕೂಡಲೇ ಇನ್ನೊಂದು ಪ್ರತಿಯಿಂದ ಸರಿಪಡಿಸಬಹುದು. ಈ ತಪಾಸಣೆಗೂ ಪೆಟ್ಟಿಗೆಗಳನ್ನು ತೆರೆದು ನೋಡುವುದಕ್ಕೂ ಇಲ್ಲಿ ಒಳ್ಳೆಯ ಕಾಲ ಜನವರಿ, ಫೆಬ್ರವರಿ. ಗಾಳಿ ಒಣಗಿರುತ್ತದೆ, ಮಳೆಗೆ ಮುಂಚೆ ಸೂರು ರಿಪೇರಿ ಮಾಡಿಸಲು ಸಮಯವೂ ಇರುತ್ತದೆ. ಸರಿಸುಮಾರು ಐದು ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕುಗಳನ್ನು ಬದಲಿಸಿ, ಮಾದರಿಗಳು ಇನ್ನೂ ಬಳಕೆಯಲ್ಲಿವೆಯೇ ಎಂದು ನೋಡಬೇಕು. ಇದಕ್ಕೆ ಯೋಜನೆಯ ಅಂದಾಜು ಪಟ್ಟಿಯಲ್ಲೇ ಒಂದು ಬಾಬ್ತು ಇರದಿದ್ದರೆ ಆಮೇಲೆ ಹಣ ಯಾವ ಲೆಕ್ಕಶೀರ್ಷಿಕೆಯಿಂದಲೂ ಹುಟ್ಟುವುದಿಲ್ಲ.

ಅಧಿಕಾರಿಯ ವರ್ಗಾವಣೆಯಾದಾಗ ಚಾರ್ಜ್ ವಹಿಸಿಕೊಡುವ ಪಟ್ಟಿಯಲ್ಲಿ ಮೇಜು, ಕುರ್ಚಿ, ಜೀಪು, ಅಳತೆ ಪುಸ್ತಕಗಳ ಸಂಖ್ಯೆ ಎಲ್ಲವೂ ಇರುತ್ತವೆ. ಅದೇ ಪಟ್ಟಿಗೆ ಸಂಗ್ರಹದ ಮೂರು ಪ್ರತಿಗಳು ಎಲ್ಲಿವೆ, ಕೊನೆಯ ತಪಾಸಣೆ ಯಾವಾಗ ಆಯಿತು, ಡಿಸ್ಕಿಗೆ ಪಾಸ್‌ವರ್ಡ್ ಇದ್ದರೆ ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಯಾವ ತಿಜೋರಿಯಲ್ಲಿಟ್ಟಿದೆ ಎಂಬ ಮೂರು ಸಾಲುಗಳನ್ನು ಸೇರಿಸಿ, ಬರುವವರೂ ಹೋಗುವವರೂ ಒಂದೊಂದು ಕಡತವನ್ನಾದರೂ ಜೊತೆಯಲ್ಲಿ ತೆರೆದು ನೋಡಿ ಸಹಿ ಹಾಕಬೇಕು.